‘ಲೈಕ್’ ಕಂಡಲ್ಲೆಲ್ಲ ಸಿಮಿಲಿ ಅಲ್ಲ

ನನ್ನ ಇಂಗ್ಲಿಷ್ ಪಿರಿಯಡ್ಡಿನಲ್ಲಿ ‘ಐ ಲೈಕ್ ಮ್ಯಾಂಗೋಸ್’ ಅಂತ ಬೋರ್ಡಿನ ಮೇಲೆ ಬರೆದು, ಇದು ಯಾವ ಫಿಗರ್ ಆಫ್ ಸ್ಪೀಚ್, ಅಂದರೆ ಯಾವ ಅಲಂಕಾರ ಅಂತ ಕೇಳಿದೆ. ನಮ್ಮ ಹತ್ತನೇ ತರಗತಿಯ 38 ಮಕ್ಕಳಲ್ಲಿ 20ಕ್ಕೂ ಹೆಚ್ಚು ಮಂದಿ ‘ಸಿಮಿಲಿ’ (ಒಂದನ್ನು ಮತ್ತೊಂದಕ್ಕೆ ಹೋಲಿಸುವ ಉಪಮೆ) ಅಂತ ಬರೆದರು. ಬೇಕಂತಲೇ ಬೀಸಿದ ಬಲೆ ಅದು. ಇಷ್ಟು ಮೀನು ಬೀಳುತ್ತವೆ ಅಂದುಕೊಂಡಿರಲಿಲ್ಲ. ಬೈಯೋಣ ಅಂದರೆ ತಪ್ಪು ನನ್ನದೇ. ‘ಲೈಕ್, ಆ್ಯಸ್ ಕಂಡರೆ ಕಣ್ಣುಮುಚ್ಚಿ ಸಿಮಿಲಿ ಬರೀರಿ’ ಅಂತ ವರ್ಷಗಟ್ಟಲೆ ಬಾಯಿಪಾಠ ಮಾಡಿಸಿದ್ದೆ.

ಅಷ್ಟರಲ್ಲಿ ದುಡ್ಡೂ ಸಾಕಷ್ಟು ಸುರಿದಿದ್ದೆ. ವ್ಯಾಖ್ಯಾನಗಳನ್ನೆಲ್ಲ ಹಾಕಿಸಿದ ಫ್ಲೆಕ್ಸಿಗೆ ಸುಮಾರು 900 ರೂಪಾಯಿ. ಅದು ಕೊನೆಗೆ ಕಿಟಕಿಯ ಬಿಸಿಲಿಗೆ ಅಡ್ಡ ಕಟ್ಟಲು ಉಪಯೋಗವಾಯಿತು. ಲ್ಯಾಮಿನೇಟ್ ಮಾಡಿಸಿದ ಮಿಂಚುಪಟ್ಟಿ (ಫ್ಲ್ಯಾಶ್ ಕಾರ್ಡ್) ಎರಡು ಸೆಟ್ಟಿಗೆ 1,300ರೋ 1,400ರೋ. ಮೆಟಫರ್ (ರೂಪಕ) ಪಟ್ಟಿ ಎರಡನೇ ವಾರಕ್ಕೇ ನಾಪತ್ತೆ. ಎಲ್ಲ ಸ್ವಂತ ಜೇಬಿನದು, ಮನೆಯಲ್ಲಿ ಇವತ್ತಿಗೂ ಲೆಕ್ಕ ಕೊಟ್ಟಿಲ್ಲ.

ದಾರಿ ಸಿಕ್ಕಿದ್ದು ಗೋಡೆಯಾಚೆಯಿಂದ. ಕನ್ನಡ ಮೇಷ್ಟ್ರು ಅಲಂಕಾರ ಕೇಳುತ್ತಿದ್ದರು; ನನ್ನ ಪಿರಿಯಡ್ಡಿನಲ್ಲಿ ತುಟಿ ಬಿಚ್ಚದ ಅದೇ ಮಕ್ಕಳು ಹೋಲಿಸುವುದು ಉಪಮೇಯ, ಯಾವುದಕ್ಕೆ ಹೋಲಿಸುತ್ತೇವೋ ಅದು ಉಪಮಾನ, ಹೋಲಿಕೆ ತೋರಿಸುವ ಪದ ವಾಚಕಪದ, ಎರಡಕ್ಕೂ ಸಮನಾದ ಗುಣ ಸಮಾನಧರ್ಮ ಅಂತ ಪಟಪಟನೆ ಬಿಡಿಸಿ ಹೇಳುತ್ತಿದ್ದರು.

ಮರುದಿನ ಎರಡು ಸಾಲು ಬರೆದೆ: ‘ಮಾತು ಮುತ್ತಿನ ಹಾರದಂತಿರಬೇಕು’, ‘ಊರಿಂದ ನೆಂಟರು ಬಂದರಂತೆ’. ಎರಡರಲ್ಲೂ ‘ಅಂತೆ’ ಇದೆಯಲ್ಲ, ಎರಡೂ ಉಪಮೆಯೇನ್ರೋ? ತರಗತಿ ಗೊಳ್ಳೆಂದಿತು. ‘ಎರಡನೇದು ಬರೀ ಸುದ್ದಿ ಸಾರ್’ ಅಂದ ಹಿಂದಿನ ಬೆಂಚಿನವನು. ಹಾಗಾದರೆ ಮಾವಿನಹಣ್ಣಿನ ವಾಕ್ಯ? ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಒಬ್ಬಳು, ‘ಸಾರ್, ಅದರಲ್ಲಿ ಉಪಮಾನವೇ ಇಲ್ಲ!’

ಅಲ್ಲಿಂದ ಮುಂದೆ ಓಟ. ಷೇಕ್ಸ್‌ಪಿಯರನ ಪೋರ್ಷಿಯಾ ಕರುಣೆಯನ್ನು ಆಕಾಶದಿಂದ ಬೀಳುವ ಮೆಲುಮಳೆಗೆ ಹೋಲಿಸುತ್ತಾಳಲ್ಲ, ಅದನ್ನು ಮಕ್ಕಳೇ ಬಿಡಿಸಿದರು: ಕರುಣೆ ಉಪಮೇಯ, ಮಳೆ ಉಪಮಾನ, ‘ಆ್ಯಸ್’ ವಾಚಕಪದ, ಬಲವಂತವಿಲ್ಲದೆ ತಾನಾಗಿ ಸುರಿಯುವುದು ಸಮಾನಧರ್ಮ. ಎರಡೂ ಒಂದೇ ಅನ್ನುವ ಮೆಟಫರಿಗೆ ಬಸವಣ್ಣನವರ ‘ಎನ್ನ ಕಾಲೇ ಕಂಬ, ದೇಹವೇ ದೇಗುಲ’ ಸಾಕು. ಇಂಗ್ಲಿಷ್ ಸಾಲನ್ನು ಕನ್ನಡಕ್ಕೆ ತಿರುಗಿಸಿದಾಗ ‘ಅಂತೆ’ ಕೂರುತ್ತದೋ (ಸಿಮಿಲಿ) ‘ಏ’ ಕೂರುತ್ತದೋ (ಮೆಟಫರ್) ನೋಡಿ ಅಂತ ಹೇಳಿದ್ದಷ್ಟೇ.

ಮುಗ್ಗರಿಸಿದ್ದೂ ಇದೆ. ಇದ್ದದ್ದನ್ನು ಹಿಗ್ಗಿಸಿ ಹೇಳುವ ಹೈಪರ್ಬೊಲಿಗೆ ‘ಉತ್ಪ್ರೇಕ್ಷೆ’ ಅಂತ ಜೋಡಿ ಹಾಕಿಬಿಟ್ಟೆ. ಆಡುಮಾತಿನಲ್ಲಿ ಸರಿ, ಅಲಂಕಾರದಲ್ಲಿ ಉತ್ಪ್ರೇಕ್ಷೆ ಅಂದರೆ ಒಂದನ್ನು ಮತ್ತೊಂದಾಗಿ ಕಲ್ಪಿಸುವುದು. ಹೈಪರ್ಬೊಲಿಗೆ ಹತ್ತಿರದ್ದು ಅತಿಶಯೋಕ್ತಿ. ‘ನನ್ನ ಪಾಠ ಕದಿಯೋದಾದರೆ ನೆಟ್ಟಗೆ ಕದೀರಿ ಮಾರಾಯ್ರೇ’ ಅಂದರು ಕನ್ನಡ ಮೇಷ್ಟ್ರು. ಸದ್ದನ್ನೇ ಪದವಾಗಿಸುವ ಆನೊಮಟೊಪಿಯ, ಕನ್ನಡದ ಅಲಂಕಾರಗಳಲ್ಲಿ ಎಷ್ಟು ಹುಡುಕಿದರೂ ಸಿಗದೆ ಕೊನೆಗೆ ವ್ಯಾಕರಣದಲ್ಲಿ, ಅನುಕರಣಾವ್ಯಯದಲ್ಲಿ ಸಿಕ್ಕಿತು: ಧಗಧಗ, ಚಟಚಟ. ಜೀವವಿಲ್ಲದ್ದಕ್ಕೆ ಮನುಷ್ಯರ ಗುಣ ಕೊಡುವ ಪರ್ಸಾನಿಫಿಕೇಶನ್ನಿಗೆ ಮಾತ್ರ ಮಕ್ಕಳು ಕಲಿತ ಪಟ್ಟಿಯಲ್ಲಿ ನೇರ ಜೋಡಿ ಸಿಗಲಿಲ್ಲ, ಬೇರೆಯಾಗಿಯೇ ಹೇಳಿಕೊಟ್ಟೆ.

ಒಂದೇ ಸದ್ದು ಮತ್ತೆ ಮತ್ತೆ ಬರುವ ಅಲಿಟರೇಶನ್ ಸಾಲನ್ನು ಕನ್ನಡ ಲಿಪಿಯಲ್ಲಿ ಬರೆಸಿ ನೋಡಿ. ‘ಸಿಟಿ’, ‘ಕ್ಯಾಟ್’ ಎರಡೂ ಇಂಗ್ಲಿಷಿನಲ್ಲಿ ಒಂದೇ ಅಕ್ಷರದಿಂದ ಶುರುವಾದರೂ ಇಲ್ಲಿ ಬೇರೆಯಾಗುತ್ತವೆ. ‘ನೈಫ್’ (knife), ‘ನೈಟ್’ (night) ಒಂದಾಗುತ್ತವೆ. ಮಕ್ಕಳು ಅನುಪ್ರಾಸ ಅಂತ ತಾವೇ ಕೂಗಿದರು. ಇದು ಯಾರಿಂದಲೂ ಎರವಲು ತಂದದ್ದಲ್ಲ, ನನ್ನದೇ.

ಒಂದು ವಾರ ಸುಮ್ಮನೆ ಮೆಟೊನಿಮಿಗೂ (ಒಂದರ ಹೆಸರು ಹೇಳಿ ಅದಕ್ಕೆ ಸಂಬಂಧಿಸಿದ ಮತ್ತೊಂದನ್ನು ಸೂಚಿಸುವುದು) ಕೈ ಹಾಕಿದೆ. ‘ವಿಧಾನಸೌಧ ಒಪ್ಪಲಿಲ್ಲ’ ಅಂತ ಪೇಪರಿನಲ್ಲಿ ಬಂದರೆ ಒಪ್ಪದಿದ್ದದ್ದು ಕಟ್ಟಡವೇ? ‘ಮನೇಲಿ ಎಂಟು ಬಾಯಿ’ ಅಂದರೆ? ಅದು ಸಿನೆಕ್ಡಕಿ, ಭಾಗ ಹೇಳಿ ಇಡೀ ವ್ಯಕ್ತಿಯನ್ನು ಸೂಚಿಸುವುದು. ಪರೀಕ್ಷೆಗೆ ಬಾರದ್ದಕ್ಕೆ ಇಷ್ಟು ಹೊತ್ತೇ ಅಂದವರಿದ್ದರು. ನನಗಂತೂ ಆ ವಾರವೇ ಹೆಚ್ಚು ಖುಷಿ ಕೊಟ್ಟಿದ್ದು. ಲಾರಿ ಹಿಂದಿನ ಬರಹ ಬರೆದುಕೊಂಡು ಬನ್ನಿ ಅಂದದ್ದು ಮಾತ್ರ ಎಡವಟ್ಟು. ತಂದದ್ದರಲ್ಲಿ ಅರ್ಧ ತರಗತಿಯಲ್ಲಿ ಓದುವ ಹಾಗಿರಲಿಲ್ಲ.

ಹೇಳುವುದೊಂದು, ಅರ್ಥ ಅದಕ್ಕೆ ತದ್ವಿರುದ್ಧ ಅನ್ನುವ ಐರನಿಯನ್ನು ಹತ್ತೇ ನಿಮಿಷದಲ್ಲಿ ತಲೆಗೆ ಹತ್ತಿಸುವ ಒಂದು ಉಪಾಯವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಮುಖತಃ ಸಿಕ್ಕಾಗ ಕೇಳಿ.

‘ಇಂಗ್ಲಿಷ್ ಪಿರಿಯಡ್ಡಿನಲ್ಲಿ ಕನ್ನಡವೇ?’ ಅಂತ ಹುಬ್ಬು ಗಂಟಿಕ್ಕಿದ್ದ ಮುಖ್ಯ ಶಿಕ್ಷಕರು ಪೂರ್ವಸಿದ್ಧತಾ ಪರೀಕ್ಷೆಯ ನಂತರ ಸುಮ್ಮನಾದರು. ಸರಿ ಗುರುತಿಸಿದವರು 31 ಮಂದಿ ಅಂತ ನೆನಪು. ಖರ್ಚು ಎರಡು ಡಬ್ಬಿ ಸೀಮೆಸುಣ್ಣ. ಆದರೆ ಆನೊಮಟೊಪಿಯದ ಸ್ಪೆಲ್ಲಿಂಗ್ ಸರಿಯಾಗಿ ಬರೆದವರು ಆರೇ ಜನ. ಅದಕ್ಕೆ ಮದ್ದು ಗೊತ್ತಿದ್ದವರು ಹೇಳಿ, ನನ್ನ ಐರನಿ ಉಪಾಯ ಬದಲಿಗೆ ಕೊಡುತ್ತೇನೆ.