ಬಿಗಿದುಕೊಂಡಿದ್ದ ಮಡಚು ಚಾಕು ಬಿಡಿಸಿದ್ದು

ದಾವಣಗೆರೆ ಮನೆಯ ಅಟ್ಟದಲ್ಲಿ ಸಿಕ್ಕ ಅಜ್ಜನ ಮಡಚು ಚಾಕು ತುಕ್ಕು ಹಿಡಿದು ತೆರೆಯುತ್ತಲೇ ಇರಲಿಲ್ಲ. ಇಕ್ಕಳ ಹಾಕಲಿಲ್ಲ, ಅಲಗು ಹಾಳಾಗುತ್ತದೆ. ಅಲಗು ತಿರುಗುವ ಮೊಳೆ, ಅಂದರೆ ರಿವಿಟ್ ಇರುವ ಕಡೆ ಮಾತ್ರ ಡಬ್ಲ್ಯೂಡಿ-40 ಎಂಬ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ಇಟ್ಟೆ. ಪೂರ್ತಿ ಮುಳುಗಿಸಿದರೆ ಮರದ ಹಿಡಿ ಎಣ್ಣೆ ಕುಡಿಯುತ್ತದೆ. ಬೆಳಿಗ್ಗೆ ಅಲಗು ಕೂದಲೆಳೆಯಷ್ಟು ಅಲ್ಲಾಡಿತು. ಜೋರು ಮಾಡದೆ ಹಿಂದೆ ಮುಂದೆ ಆಡಿಸಿದೆ. ಕೆಂಪು ರಾಡಿ ಹೊರಬಂತು! ಒರೆಸುವುದು, ಮತ್ತೆ ಎಣ್ಣೆ, ಮತ್ತೆ ಆಡಿಸುವುದು, ಅಷ್ಟೇ ಕೆಲಸ.

ಹಿಡಿಯ ಸಂದಿಗೆ ಹಳೇ ಟೂತ್‌ಬ್ರಷ್. ಅಲಗಿಗೆ 400, ಆಮೇಲೆ 800 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ).

ಸಾಣೆ ಚಕ್ರಕ್ಕೆ ಮಾತ್ರ ಕೊಡಬೇಡಿ. ಜಾಸ್ತಿ ಕಾದು ಅಂಚು ನೀಲಿಯಾದರೆ ಉಕ್ಕಿನ ಗಡಸುತನ ಹೋಯಿತು. ನೀರು ಹಾಕಿದ ಸಾಣೆಕಲ್ಲಿನ ಮೇಲೆ ಸುಮಾರು 20 ಡಿಗ್ರಿ ಓರೆಯಲ್ಲಿ ಮಸೆದೆ. ಈಗ ಮಂಡಕ್ಕಿಗೆ ಈರುಳ್ಳಿ ಸಣ್ಣಗೆ ಹೆಚ್ಚುತ್ತದೆ. ರಿವಿಟ್‌ಗೆ ಹೊಲಿಗೆ ಮಷಿನ್ ಎಣ್ಣೆ ಒಂದು ಹನಿ ಸಾಕು. ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಗಟ್ಟಿಯಾಗುತ್ತದೆ.