ಹಾವು ಕಚ್ಚಿದಾಗ ಮಂತ್ರದ ಮನೆಗಲ್ಲ, ಆಸ್ಪತ್ರೆಗೆ ಹೋಗಿ

ನಮ್ಮ ಕಡೆ ತೋಟದಲ್ಲಿ ಹಾವು ಕಚ್ಚಿದರೆ ಮೊದಲು ನೆನಪಾಗುವುದು ಮಂತ್ರ ಹಾಕುವವರ ಮನೆ. ದಯವಿಟ್ಟು ಅಲ್ಲಿಗೆ ಹೋಗಬೇಡಿ. 108ಕ್ಕೆ ಫೋನ್ ಮಾಡಿ. ಕಚ್ಚಿದ ಕಾಲನ್ನು ಅಲುಗಾಡಿಸಬೇಡಿ. ಕಾಲುಂಗುರ, ಗೆಜ್ಜೆ ತೆಗೆಯಿರಿ, ಊತ ಬಂದರೆ ಬಿಗಿಯುತ್ತವೆ. ಹಗ್ಗ ಕಟ್ಟುವುದು, ಕೊಯ್ಯುವುದು, ಬಾಯಲ್ಲಿ ಹೀರುವುದು ಬೇಡವೇ ಬೇಡ.

"ಮಂತ್ರದಿಂದ ಮಾವ ಬದುಕಲಿಲ್ವಾ?" ಅಂತ ಹಿರಿಯರು ಕೇಳುತ್ತಾರೆ. ಜಗಳ ಆಡಬೇಡಿ. ಕೇರೆಹಾವಿಗೆ ವಿಷವೇ ಇಲ್ಲ, ನಾಗರಹಾವು ಕೂಡ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತದೆ ಅಂತ ಹೇಳಿ. ಹರಕೆ ಆಮೇಲೆ ತೀರಿಸೋಣ, ಇಂಜೆಕ್ಷನ್ ಮೊದಲು ಅನ್ನಿ. ಕಟ್ಟುಹಾವು ಕಚ್ಚಿದ ಜಾಗ ಜಾಸ್ತಿ ನೋಯುವುದೇ ಇಲ್ಲ, ಆದರೂ ಉಸಿರು ನಿಲ್ಲಬಹುದು. ಹಾಗಾಗಿ ಬೆಳಗಾಗಲಿ ಅಂತ ಕಾಯಬೇಡಿ. ಚಿಕಿತ್ಸೆಗೆ ಹೋಗದಂತೆ ತಡೆದು ಮಂತ್ರ ಹಾಕುವುದು ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆಯಲ್ಲಿ ಅಪರಾಧ, ಅದನ್ನೂ ಹೇಳಿ.