ಶೆಟ್ಟಿಹಳ್ಳಿಯ ಪಾಳು ಚರ್ಚಿಗೆ ಹೋಗುವ ಮುನ್ನ

ಹಾಸನದ ಬಳಿಯ ಶೆಟ್ಟಿಹಳ್ಳಿ ಚರ್ಚನ್ನು ಒಳಹೊಕ್ಕು ನೋಡಬೇಕೆನ್ನುವವರು ಮಳೆಗಾಲದಲ್ಲಿ ಹೋಗಬೇಡಿ. ಆಗ ಹೇಮಾವತಿಯ ಹಿನ್ನೀರು ಅದನ್ನು ಅರ್ಧ ನುಂಗಿರುತ್ತದೆ. (ದೂರದಿಂದ ಫೋಟೊ ಸಾಕೆನ್ನುವವರಿಗೆ ಅದೇ ಸೊಗಸು.) ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಹೋಗಿ. ನೆಲ ಬಿರುಕು ಬಿಟ್ಟು ಒಣಗಿದಂತೆ ಕಂಡರೂ ಅಡಿಯ ಹೂಳು ಹಸಿಯಾಗಿರಬಹುದು. ಕೋಲೂರಿ ನೋಡಿ ಹೆಜ್ಜೆಯಿಡಿ. ನಾನೊಮ್ಮೆ ಮೊಣಕಾಲುದ್ದ ಇಳಿದು, ಒಂದು ಚಪ್ಪಲಿಯನ್ನು ಅಲ್ಲೇ ಬಿಟ್ಟು ಬಂದೆ.

ಕಟ್ಟಡ 1860ರ ದಶಕದ್ದು, ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು. ವರ್ಷ ವರ್ಷವೂ ನೆನೆದು ಒಣಗಿ ಗಾರೆ ಸಡಿಲಾಗಿದೆ, ಚಾವಣಿ ಎಂದೋ ಹೋಗಿದೆ, ಗೋಡೆಯ ಕೆಲವು ಭಾಗಗಳೂ ಕುಸಿದಿವೆ. ಆದ್ದರಿಂದ ಕಮಾನಿನ ಕೆಳಗೆ ನೆರಳಿದೆಯೆಂದು ಬುತ್ತಿ ಬಿಚ್ಚಿ ಕೂರಬೇಡಿ. ಫೋಟೊಕ್ಕಾಗಿ ಗೋಡೆ ಹತ್ತುವ ಮಾತಂತೂ ಬೇಡವೇ ಬೇಡ. ಕುಡಿಯುವ ನೀರನ್ನು ಹಾಸನದಲ್ಲೇ ತುಂಬಿಸಿಕೊಳ್ಳಿ.